‘ಇತರೆ’ ಸಾಲಿಗೆ ಬಿದ್ದ ದನಿಗಳು

ಆಸ್ಪತ್ರೆಯ ನೋಟಿಸು ಚಿಕ್ಕಮ್ಮನ ಕೈಗೆ ಬಂದದ್ದು ಗುರುವಾರ ಬೆಳಿಗ್ಗೆ. ಹಳೇ ಕಟ್ಟಡದ ಫೋನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ಆಕೆ. ರೋಗಿಗಳ ಕಡೆಯವರ ಕರೆಗಳನ್ನು ನಡುವೆಯೇ ಕತ್ತರಿಸುತ್ತೀರಿ, ಸೋಮವಾರದ ಸಭೆಯಲ್ಲಿ ಉತ್ತರ ಕೊಡಿ, ಇಲ್ಲವಾದರೆ ನೆಲಮಾಳಿಗೆಯ ದಾಸ್ತಾನು ಕೋಣೆಗೆ ವರ್ಗ ಎಂದು ಅದರಲ್ಲಿತ್ತು. ಸಾಕ್ಷಿಗೆ ಒಂದು ಹಾಳೆ ಲಗತ್ತಿಸಿದ್ದರು: ನೆಟ್‌ವರ್ಕಿನ ತಿಂಗಳ ವರದಿ. ‘ಫೋನ್ ದನಿ: ನಷ್ಟ ಸೊನ್ನೆ.’ ಅಂದರೆ ತಂತಿಯ ತಪ್ಪಿಲ್ಲ, ತಪ್ಪೆಲ್ಲ ಕುರ್ಚಿಯಲ್ಲಿ ಕೂತವಳದು.

ಆ ವರದಿಯನ್ನು ತಯಾರಿಸುವ ಸಾಫ್ಟ್‌ವೇರ್ ಬರೆದವಳು ಚಿಕ್ಕಮ್ಮನ ಅಕ್ಕನ ಮಗಳು. ಅದೇ ಆಸ್ಪತ್ರೆಯ ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವಳ ಮೇಜು.

"ನೀನೇ ಮಾಡಿದ್ದಂತೆ ಇದು," ಎಂದಳು ಚಿಕ್ಕಮ್ಮ, ಹಾಳೆಯನ್ನು ಊಟದ ಡಬ್ಬಿಯ ಪಕ್ಕ ಸರಿಸುತ್ತ.

"ಎಣಿಸಿದ್ದು ಮೆಷಿನ್ನು, ಚಿಕ್ಕಮ್ಮ."

"ಮೆಷಿನ್ನಿಗೆ ಎಣಿಸೋದು ಕಲಿಸಿದ್ದು ಯಾರು, ಪಕ್ಕದ್ಮನೆ ಬೆಕ್ಕಾ?"

ಅಕ್ಕನ ಮಗಳು ಹಾಳೆಯನ್ನು ಎತ್ತಿಕೊಂಡು ಮತ್ತೊಮ್ಮೆ ಓದಿದಳು. ಮೂರು ವರ್ಷದಿಂದ ಪ್ರತಿ ತಿಂಗಳು ಹಸಿರು ಬಣ್ಣದಲ್ಲಿ ಹೊರಬರುತ್ತಿದ್ದ ಆ ಸೊನ್ನೆಯ ಬಗ್ಗೆ ಅವಳಿಗೆ ಸಣ್ಣ ಹೆಮ್ಮೆಯೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದಳು. ಬರೆ ಹಾಕುವ ಕಬ್ಬಿಣವನ್ನು ತಾನೇ ಕಾಯಿಸಿಕೊಟ್ಟಿದ್ದೇನೆ ಎಂದು ಆವತ್ತು ತಿಳಿಯಿತು.

ಶುಕ್ರವಾರ ಹತ್ತೂವರೆಗೆ ಅವಳು ಫೋನ್ ಕೋಣೆಗೆ ಹೋಗಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಗೋಡೆಯ ಸುಣ್ಣ ಎದ್ದ ಕೋಣೆ, ಒಂದು ಕಿಟಕಿ, ಕಾಲಿಗೆ ಹಳೇ ಪುಸ್ತಕ ಕೊಟ್ಟು ನಿಲ್ಲಿಸಿದ ಮೇಜು. ಚಿಕ್ಕಮ್ಮನ ರೀತಿಯೇ ವಿಚಿತ್ರ. ನಮಸ್ಕಾರಕ್ಕೂ ಮೊದಲು, "ನಿಮ್ಮ ನಂಬರ್ ಹೇಳಿ" ಎನ್ನುತ್ತಿದ್ದಳು. ಅದನ್ನು ಗೀಟು ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಗಂಟೆ ನಿಮಿಷ ಹಾಕಿ, ಆಮೇಲೆ "ಏನಾಗಿದೆ ಹೇಳಿ" ಎನ್ನುತ್ತಿದ್ದಳು.

"ಇದೇನು ಪೊಲೀಸ್ ಸ್ಟೇಷನ್ನಾ, ಚಿಕ್ಕಮ್ಮ?"

"ಜನ ಅದನ್ನೇ ಕೇಳ್ತಾರೆ. ಸೊಕ್ಕಿನ ಹೆಂಗಸು ಅಂತ ದೂರೂ ಕೊಟ್ಟಿದಾರೆ. ಮೊದಲು ನಂಬರ್ ಇಸ್ಕೊಳ್ದಿದ್ರೆ, ಕಟ್ಟಾದ್ಮೇಲೆ ಯಾರನ್ನ ಅಂತ ಹುಡುಕ್ಲಿ?"

ಅಷ್ಟರಲ್ಲಿ ಒಬ್ಬ ತಂದೆಯ ಕರೆ ಬಂತು. ಮಗುವಿಗೆ ಜ್ವರ ಎಂದ. ಆಮೇಲೆ ಮಾತು ಜರಡಿ ಹಿಡಿದಂತಾಯಿತು: "ರಾತ್ರಿಯಿಂದ... ಉಸಿರು... ಕರ್ಕೊಂಡು..." ಮತ್ತೆ ಮೌನ. ಚಿಕ್ಕಮ್ಮ ಬೈಯಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ನೋಟ್‌ಬುಕ್ಕಿನ ಆ ಸಾಲಿಗೆ ‘ಕಟ್’ ಎಂದು ಬರೆದು, ಅದೇ ನಂಬರಿಗೆ ತಿರುಗಿ ಹಚ್ಚಿದಳು. ಮೂರನೇ ಸಲಕ್ಕೆ ಸಿಕ್ಕಿತು. "ಈಗ್ಲೇ ಹೊರಡಿ. ಮಕ್ಕಳ ವಿಭಾಗಕ್ಕೆ ನಾನು ಹೇಳಿರ್ತೀನಿ. ಎಡಗಡೆ ಗೇಟು, ಗೊತ್ತಾಯ್ತಾ?" ಎಂದಳು. ಆಕೆಯ ಬೆರಳು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಕೂತು ನೋಡಿದವಳಿಗೆ ಬೇರೆ ಪುರಾವೆ ಬೇಕಿರಲಿಲ್ಲ, ಸಭೆಗೆ ಬೇಕಿತ್ತು.

ಅವಳು ತಂತಿ ಕೆಲಸದವನನ್ನು ಕರೆದಳು. ಇಡೀ ಆಸ್ಪತ್ರೆಗೆ ಆತ ವೈರಣ್ಣ. ಸಂಬಳದ ಪಟ್ಟಿ ಬರೆಯುವವರನ್ನು ಬಿಟ್ಟರೆ ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಅವನು ಹಳೇ ಕಟ್ಟಡದಿಂದ ಫೋನ್ ಹಚ್ಚಿ "ಹಲೋ, ಒಂದು, ಎರಡು" ಎಂದು ಮಗ್ಗಿ ಒಪ್ಪಿಸತೊಡಗಿದ. ಅವಳು ನಾಲ್ಕನೇ ಮಹಡಿಯಲ್ಲಿ ಪರದೆ ನೋಡುತ್ತ ಕೂತಳು.

ನೆಟ್‌ವರ್ಕಿನಲ್ಲಿ ಮಾತು, ಚಿತ್ರ, ಕಡತ ಎಲ್ಲವೂ ಚೂರುಚೂರಾಗಿ ಹರಿಯುತ್ತವೆ. ಕಡತದ ಚೂರು ಕಾಯಬಲ್ಲದು; ಮಾತಿನ ಚೂರು ತಡವಾದರೆ ಅದು ಮಾತೇ ಅಲ್ಲ. ಅದಕ್ಕೆಂದೇ ಫೋನುಗಳು ಪ್ರತಿ ಚೂರಿನ ನೆತ್ತಿಗೆ ‘ತುರ್ತು’ ಎಂಬ ಗುರುತು ಒತ್ತಿ ಕಳಿಸುತ್ತವೆ. ಗುರುತಿದ್ದವರಿಗೆ ಮುಂದಿನ ಸಾಲು, ಇಲ್ಲದವರಿಗೆ ಹಿಂದಿನದು. ಅವಳ ವರದಿ ಆ ಗುರುತನ್ನು ನೋಡಿಯೇ ಎಣಿಸುತ್ತಿತ್ತು. ಈಗ ನೋಡಿದರೆ ವೈರಣ್ಣನ ಮಗ್ಗಿ ‘ದನಿ’ಯ ಸಾಲಿನಲ್ಲಿ ಇರಲೇ ಇಲ್ಲ. ‘ಇತರೆ’ ಎಂಬ ಸಾಲಿನಲ್ಲಿ, ಸ್ಕ್ಯಾನಿಂಗ್ ವಿಭಾಗದ ಆನೆಗಾತ್ರದ ಚಿತ್ರಗಳ ಹಿಂದೆ ತಳ್ಳಾಡುತ್ತಿತ್ತು.

"ವೈರಣ್ಣ, ಅಲ್ಲಿನ ನೆಟ್‌ವರ್ಕ್ ಪೆಟ್ಟಿಗೆ ಗುರುತು ಅಳಿಸ್ತಿದೆ," ಎಂದಳು ಫೋನಿನಲ್ಲಿ.

"ಅಳಿಸ್ದೆ ಇನ್ನೇನು, ತಂಗಿ. ಮೂರು ವರ್ಷದ ಹಿಂದೆ ಹೊಸ ಕಟ್ಟಡಕ್ಕೆ ಹೊಸ ಪೆಟ್ಟಿಗೆ ಹಾಕಿ, ಯಾವ ಗುರುತು ನಂಬಬೇಕು ಅಂತ ಹೇಳಿಕೊಟ್ರು. ಹಳೇದನ್ನ ಆಮೇಲೆ ನೋಡೋಣ ಅಂದ್ರು. ಆಮೇಲೆ ಅನ್ನೋದು ಇನ್ನೂ ಬಂದಿಲ್ಲ."

ಹೊಸ ಕಟ್ಟಡದಲ್ಲಿ ನಿರ್ದೇಶಕರ ಫೋನಿತ್ತು, ಅಧಿಕಾರಿಗಳ ಫೋನಿತ್ತು. ಹಳೆಯದರಲ್ಲಿದ್ದದ್ದು ಹೊರಗಿನ ಜನ ಹಚ್ಚುವ ಫೋನು. ಮುರಿದ ಕರೆಗಳನ್ನು ಅವಳ ವರದಿ ಬಚ್ಚಿಟ್ಟಿರಲಿಲ್ಲ. ಅವು ಮಾತು ಎಂದೇ ಒಪ್ಪಿರಲಿಲ್ಲ. ‘ಇತರೆ’ಯಲ್ಲಿ ಎಷ್ಟು ಬಿದ್ದುಹೋಯಿತು ಎಂದು ತೋರಿಸುವ ಅಂಕಣವನ್ನೇ ಅವಳು ಇಟ್ಟಿರಲಿಲ್ಲ. ಇತರೆಯವರ ನಷ್ಟ ಯಾರಿಗೆ ಬೇಕು? ಸುಳ್ಳು ಹೇಳುವ ಶ್ರಮವೇ ಬೇಡ, ಯಾರನ್ನು ಎಣಿಸಬಾರದು ಎಂದು ಗೊತ್ತುಮಾಡಿಕೊಂಡರೆ ಸಾಕು, ಉಳಿದದ್ದೆಲ್ಲ ತಾನೇ ಹಸಿರಾಗುತ್ತದೆ.

ವೈರಣ್ಣ ಹತ್ತು ನಿಮಿಷದಲ್ಲಿ ಪೆಟ್ಟಿಗೆಗೆ ಬುದ್ಧಿ ಹೇಳಿದ. ಮಗ್ಗಿ ಮುಂದಿನ ಸಾಲಿಗೆ ಬಂತು. ಅವಳು ತನ್ನ ವಿಭಾಗದ ಮುಖ್ಯಸ್ಥರ ಬಳಿಗೆ ಹೋದಳು. ಬೆನ್ನ ಹಿಂದೆ ಎಲ್ಲರೂ ಅವರನ್ನು ಹಸಿರು ಸಾಹೇಬರು ಎನ್ನುತ್ತಿದ್ದರು.

"ಸರಿಹೋಯ್ತಲ್ಲಮ್ಮ, ಬಿಟ್ಟುಬಿಡು," ಎಂದರು ಸಾಹೇಬರು. "ಇನ್ಮೇಲೆ ಕಟ್ಟಾಗಲ್ಲ. ವರದಿ ಯಾಕೆ ಕೆದಕ್ತೀಯ? ಮೂರು ವರ್ಷದ ಹಸಿರು ಅದು."

"ಸೋಮವಾರ ಸಭೆಯ ಮುಂದೆ ಇರೋದು ಹಳೇ ಹಾಳೆ, ಸರ್. ಅದರ ಪ್ರಕಾರ ತಪ್ಪು ಆಪರೇಟರದ್ದು."

"ಒಂದಾರು ತಿಂಗಳು ದಾಸ್ತಾನು ಕೋಣೆಲಿದ್ರೆ ಏನಾಗತ್ತೆ? ಅಲ್ಲಿ ತಂಪಾಗಿದೆ."

"ತಂಪಾಗಿದ್ರೆ ನೀವೇ ಹೋಗಿ ಇರಬಹುದಲ್ವಾ, ಸರ್?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಿನ್ನ ತಪ್ಪೂ ಹೊರಗೆ ಬೀಳತ್ತೆ, ಗೊತ್ತಿದೆ ತಾನೆ?"

"ಅದನ್ನೇ ಮೊದಲ ಸಾಲಲ್ಲಿ ಬರಿತೀನಿ."

ಶನಿವಾರ, ಭಾನುವಾರ ಅವಳು ವರದಿಯನ್ನು ಬುಡದಿಂದ ಬದಲಿಸಿದಳು. ಗುರುತು ನೋಡಿ ಎಣಿಸುವುದನ್ನು ಬಿಟ್ಟು, ಮಾತಾಡಿದ್ದು ಯಾವ ಫೋನು ಎಂದು ನೋಡಿ ಎಣಿಸಿದಳು. ತಿಂಗಳ ಸರಾಸರಿಯನ್ನು ಒಡೆದು ನಿಮಿಷ ನಿಮಿಷಕ್ಕೆ ಹರಡಿದಳು. ‘ಇತರೆ’ಗೂ ನಷ್ಟದ ಅಂಕಣ ಕೊಟ್ಟಳು. ಉಳಿದಿದ್ದ ಹಳೇ ದಾಖಲೆಯನ್ನು ಅದಕ್ಕೆ ಉಣಿಸಿದಾಗ ಹಳೇ ಕಟ್ಟಡದ ಗೆರೆ, ಸ್ಕ್ಯಾನಿಂಗ್ ಚಿತ್ರಗಳು ಹರಿಯುವ ಹತ್ತೂವರೆಯಿಂದ ಹನ್ನೆರಡರವರೆಗೆ, ಕೆಂಪಗೆ ಕೆರೆದ ಗಾಯದಂತೆ ಎದ್ದಿತು. ಚಿಕ್ಕಮ್ಮನ ನೋಟ್‌ಬುಕ್ಕಿನಲ್ಲಿ ಆ ತಿಂಗಳು ಕಟ್ಟಾದ ಕರೆ ನಲವತ್ತಾರು. ನಲವತ್ತಮೂರರ ನಿಮಿಷ ಕೆಂಪಿನೊಳಗೇ ಬಿತ್ತು.

ಸೋಮವಾರದ ಸಭೆಯಲ್ಲಿ ಮುಖ್ಯ ವೈದ್ಯೆ ಹೊಸ ಹಾಳೆಯ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು: "ಈವರೆಗಿನ ವರದಿ ತಪ್ಪು, ಹಳೇ ಕಟ್ಟಡದ ಕರೆಗಳನ್ನು ಎಣಿಸಿರಲಿಲ್ಲ, ತಪ್ಪು ನನ್ನದು." ಆಮೇಲೆ ನೋಟ್‌ಬುಕ್ಕನ್ನು ಕೆಂಪು ಗೆರೆಯ ಪಕ್ಕ ಇಟ್ಟು, ಬೆರಳಿಟ್ಟು ಬಹಳ ಹೊತ್ತು ಹೋಲಿಸಿದರು.

"ಉಳಿದ ಮೂರು ಕರೆ?" ಎಂದು ಕೇಳಿದರು.

"ಅವು ಮೂರು ನಾನೇ ಕಟ್ ಮಾಡಿದ್ದು, ಡಾಕ್ಟ್ರೇ," ಎಂದಳು ಚಿಕ್ಕಮ್ಮ. "ಒಬ್ಬ ಬಾಯಿಗೆ ಬಂದ ಹಾಗೆ ಮಾತಾಡ್ತಿದ್ದ. ಮೂರು ಸಲವೂ ಅವನೇ."

ಸಭೆ ನಕ್ಕಿತು, ಸಾಹೇಬರೂ ತಡವಾಗಿ ಸೇರಿಕೊಂಡರು. ನೋಟಿಸು ಅಲ್ಲೇ ರದ್ದಾಯಿತು. ಬಾಯಿಮಾತು ಸಾಲದು, ಬರೆದುಕೊಡಿ ಎಂದು ಚಿಕ್ಕಮ್ಮ ಹಠ ಹಿಡಿದು ನಿಂತು, ಸಹಿಯಾದ ಕಾಗದ ಇಸಿದುಕೊಂಡೇ ಹೊರಟಳು.

ಬುಧವಾರ ಊಟದ ಹೊತ್ತಿಗೆ ಅವಳು ಫೋನ್ ಕೋಣೆಗೆ ಹೋದಾಗ ಚಿಕ್ಕಮ್ಮ ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಕಿವಿ ತಿಕ್ಕಿಕೊಳ್ಳುತ್ತಿದ್ದಳು.

"ಏನು ಮಾಡಿಟ್ಟೆ ಮಾರಾಯ್ತಿ. ಕರೆ ಕಟ್ಟಾಗೋದೇ ಇಲ್ಲ ಈಗ. ಒಬ್ಬಜ್ಜ ಇಪ್ಪತ್ತು ನಿಮಿಷ ತನ್ನ ಮೊಣಕಾಲಿನ ಕಥೆ ಹೇಳ್ದ."

"ಪೂರ್ತಿ ಕೇಳಿದ್ಯಾ?"

"ಬಲಗಾಲಿಂದು ಮುಗೀತು," ಎಂದಳು ಚಿಕ್ಕಮ್ಮ, ತೃಪ್ತಿಯಿಂದ ಡಬ್ಬಿಯ ಮುಚ್ಚಳ ತೆಗೆಯುತ್ತ. "ಎಡಗಾಲಿಂದು ನಾಳೆಗೆ ಇಟ್ಕೊಂಡಿದಾನೆ."