ಸಮಾಜಶಾಸ್ತ್ರಕ್ಕೊಂದು ಕೋಣೆ

೧
ಎಲ್ಲಿಂದ ಶುರು ಮಾಡುವುದು? ‘ಸಮಾಜ ಎಂದರೇನು?’ ಎಂದು ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ನಾನೂ ಮಗುಚುತ್ತೇನೆ. ಹಾಗಾಗಿ ನೇರ ಮೀಟಿಂಗಿಗೆ ಹೋಗೋಣ.

ವಿಶ್ವವಿದ್ಯಾಲಯದ ಉದ್ದನೆಯ ಮೇಜು. ಒಂದು ತುದಿಗೆ ಕುಲಪತಿಗಳು. ಇನ್ನೊಂದು ತುದಿಗೆ, ಬಾಗಿಲ ಪಕ್ಕ, ನೋಟ್‌ಬುಕ್ ಹಿಡಿದ ಮೇಡಮ್. ಹನ್ನೊಂದು ವರ್ಷದಿಂದ ಸಮಾಜಶಾಸ್ತ್ರ ಕಲಿಸುತ್ತಿದ್ದಾರೆ, ತತ್ವಶಾಸ್ತ್ರ ವಿಭಾಗದ ಬೀರುವಿನ ಹಿಂದೆ ಕೂತು. ಇವತ್ತು ಸ್ವಂತ ವಿಭಾಗ ಮಂಜೂರಾಗಬೇಕು. ಇಲ್ಲವಾದರೆ ಬರುವ ವರ್ಷದಿಂದ ಪಾಠವೇ ಬಂದ್.

೨
(ಇಲ್ಲಿ ಮೇಡಮ್ ಬಾಯಲ್ಲಿ ನಾನು ಎರಡು ಪುಟ ವೀರಾವೇಶದ ಭಾಷಣ ಆಡಿಸಿದ್ದೆ. ಅವರೇ ಹೊಡೆದುಹಾಕಿಸಿದರು. “ನಾನು ಹಾಗೆಲ್ಲ ಕೂಗಾಡಲ್ಲ ಕಣ್ರೀ. ಸುಮ್ನೆ ನೋಡ್ತೀನಿ, ಬರ್ಕೋತೀನಿ.” ನನ್ನ ಎರಡು ಪುಟ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು.)

೩
“ಸಮಾಜ ಅನ್ನೋದು ನಮ್ಮ ವಿಷಯ,” ಎಂದರು ತತ್ವಶಾಸ್ತ್ರದವರು.

“ಹೊಟ್ಟೆಗಿಲ್ದೆ ಯಾವ ಸಮಾಜ ಸಾರ್? ಅದು ನಮ್ದು,” ಎಂದರು ಅರ್ಥಶಾಸ್ತ್ರದವರು.

“ನಿಮ್ಮಿಬ್ರಿಗಿಂತ ಮುಂಚೆ ನಮ್ದು,” ಎಂದರು ಇತಿಹಾಸದವರು. ‘ಮುಂಚೆ’ ಎನ್ನುವುದೇ ಅವರ ಕಸುಬು.

ಕುಲಪತಿಗಳು ಕನ್ನಡಕ ಒರೆಸಿಕೊಂಡರು. “ಸಂತೋಷ. ಹಾಗಾದ್ರೆ ಮೇಡಮ್ಮಿಗೆ ಒಂದು ಕೋಣೆ ಯಾರು ಕೊಡ್ತೀರಿ?”

ಇತಿಹಾಸದವರು ಚಾವಣಿ ನೋಡಿದರು.

“ನಮ್ಮಲ್ಲಿ ಸೋರುತ್ತೆ.”

“ನಮ್ಮಲ್ಲಿ ನಾವೇ ಪಾಳಿ ಹಾಕ್ಕೊಂಡು ಕೂರ್ತೀವಿ,” ಎಂದರು ಅರ್ಥಶಾಸ್ತ್ರದವರು.

“ನೋಡಿ, ಕೋಣೆ ಅನ್ನೋದೇ ಒಂದು ಭ್ರಮೆ,” ಎಂದು ತತ್ವಶಾಸ್ತ್ರದವರು ಗಡ್ಡ ನೀವಿದರು.

“ಹಾಗಾದ್ರೆ ನಿಮ್ಮ ಭ್ರಮೇನ ನಂಗೆ ಬಿಟ್ಕೊಡಿ ಸಾರ್,” ಎಂದರು ಮೇಡಮ್.

೪
ಮತಕ್ಕೆ ಹಾಕಿದರು. ಬೇರೆ ವಿಭಾಗವಾದರೆ ಬೇರೆ ಕಟ್ಟಡ, ತಮ್ಮ ಕೋಣೆ ಉಳಿಯಲಿ ಎಂದು ಇತಿಹಾಸದವರು ಹೊಸ ವಿಭಾಗದ ಪರ. ಸಮಾಜ ‘ನಮ್ದು’ ಎಂದುಬಿಟ್ಟ ಮೇಲೆ ಮಾನ ಉಳಿಯಲಿ ಎಂದು ಅರ್ಥಶಾಸ್ತ್ರದವರು ವಿರೋಧ. ತತ್ವಶಾಸ್ತ್ರದವರು ಎರಡಕ್ಕೂ ಕೈ ಎತ್ತಿದರು. ಒಟ್ಟಿನಲ್ಲಿ ಸಮ ಸಮ. ಉಳಿದದ್ದು ಕುಲಪತಿಗಳ ಕೈ.

೫
ಮುಕ್ತಾಯ ಅ: ಕೈ ಮೇಲೇರುತ್ತದೆ. ಹೊಸ ಬೋರ್ಡು, ಗ್ರೂಪ್ ಫೋಟೊ. (ತೀರಾ ಸಿಹಿ.)

ಮುಕ್ತಾಯ ಆ: ಕೈ ಏಳುವುದಿಲ್ಲ. ಮೇಡಮ್ ಒಬ್ಬರೇ ಮೆಟ್ಟಿಲಿಳಿಯುತ್ತಾರೆ. (ಪ್ರಶಸ್ತಿ ಇಂಥದ್ದಕ್ಕೇ ಬರುವುದು. ಆದರೂ ಮನಸ್ಸು ಬರುತ್ತಿಲ್ಲ.)

೬
ಕುಲಪತಿಗಳ ಕೈ ಭುಜದ ಮಟ್ಟಕ್ಕೆ ಬಂದಿದೆ. ತಲೆ ಕೆರೆಯಲೋ, ಒಪ್ಪಿಗೆ ಕೊಡಲೋ? ಮೇಡಮ್ಮಿನ ಪೆನ್ನು ಮಾತ್ರ ನಿಂತಿಲ್ಲ.

“ಮೇಡಮ್, ಯಾವ ಮುಕ್ತಾಯ ಬರೀಲಿ?” ಎನ್ನುತ್ತೇನೆ ನಾನು.

“ಶ್! ಕೈ ಎತ್ತೋಕೆ ಮುಂಚೆ ಅವ್ರು ಯಾರ ಮುಖ ನೋಡ್ತಾರೆ, ಅದೇ ರೀ ನನ್ನ ಸಬ್ಜೆಕ್ಟು. ಈಗ ಕತೆ ಮುಗಿಸಿ ಹಾಳು ಮಾಡ್ಬೇಡಿ.”