ವೋಲ್ಗಾದ ಎರಡನೆಯ ತಂತಿ

ಅಪ್ಪನ ವೋಲ್ಗಾ ಕಾರಿನ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಅದನ್ನು ಕಂಡಾಗಲೇ ಬುರುಲ್‌ಗೆ ಮೈಯೆಲ್ಲ ಉರಿದುಹೋಯಿತು. ಕರಾಕೋಲ್ ಪಟ್ಟಣದಲ್ಲಿ ಅಪ್ಪ ನಲವತ್ತು ವರ್ಷ ಟ್ಯಾಕ್ಸಿ ಓಡಿಸಿದ ಕಾರು. ಒಂದೊಂದು ತಂತಿಯನ್ನೂ ಮುಟ್ಟಿಸಿ ಮಗಳಿಗೆ ಕಸುಬು ಕಲಿಸಿದ ಕಾರು. ಅಪ್ಪ ಸತ್ತ ಮೇಲೆ ಪದ್ಧತಿಯಂತೆ ಮನೆ, ಕುರಿ, ಕಾರು ಎಲ್ಲವೂ ಕಿರಿಮಗ ಎಸೆನ್‌ನ ಪಾಲಾದವು. ಈಗ ಅದು ಸ್ಟಾರ್ಟ್ ಆಗುತ್ತಿಲ್ಲವೆಂದು ಆ ಮಹಾನುಭಾವ ಮಧ್ಯಾಹ್ನ ಗುಜರಿಗೆ ಹಾಕುವವನಿದ್ದ.

"ಹೊಸ ಬ್ಯಾಟರಿ, ಹೊಸ ಸ್ಟಾರ್ಟರ್ ಎಲ್ಲಾ ಹಾಕಿಸಿದ್ದಾಯ್ತು. ಮೂರು ಜನ ಮೆಕ್ಯಾನಿಕ್‌ಗಳು ಕೈಯೆತ್ತಿದಾರೆ. ನೀನು ಅದೇನ್ ಕಿಸೀತೀಯ ಅಕ್ಕ?"

"ಸ್ಟಾರ್ಟ್ ಮಾಡಿದ್ರೆ ನಂಗೆ ಕೊಡ್ತೀಯಾ?"

"ತಗೊಂಡ್ಹೋಗು ತಾಯಿ!" ಎಂದು ಎಸೆನ್ ನಕ್ಕ. ಚಹಾ ಕುಡಿಯುತ್ತಿದ್ದ ಪಕ್ಕದ ಮನೆಯ ಸಾತಾರ್ ಅಜ್ಜ ಅಂಗೈ ಚಾಚಿದರು. ಮೂವರೂ ಮುಖ ಸವರಿಕೊಂಡು "ಆಮೀನ್" ಎಂದರು. ಹಿರಿಯರೆದುರು ಹಾಗೆಂದ ಮೇಲೆ ಮಾತು ಹಿಂತೆಗೆಯುವಂತಿಲ್ಲ.

ಬುರುಲ್ ಬಾನೆಟ್ ಎತ್ತಿದಳು. ಕೀ ತಿರುಗಿಸಿದರೆ ದೀಪವೇನೋ ಚೆನ್ನಾಗಿ ಉರಿಯಿತು, ಸ್ಟಾರ್ಟರಿಗೆ ಕರೆಂಟು ಬಿಡುವ ರಿಲೇ ಮಾತ್ರ ಟಿಕ್ಕೆನ್ನಲಿಲ್ಲ. ಕೀ ಹಿಂದಕ್ಕೆ ತಿರುಗಿಸಿ, ರಿಲೇಯ ಎರಡು ದಪ್ಪ ತಿರುಪುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದಳು. ಸ್ಟಾರ್ಟರ್ ಗರ್ರನೆ ತಿರುಗಿತು. ಹಾಗಾದರೆ ಸ್ಟಾರ್ಟರ್ ಸರಿಯಿದೆ. ಕೀಯಿಂದ ರಿಲೇಗೆ ಬರುವ ಸಣ್ಣ ತಂತಿಯಲ್ಲೂ ಕರೆಂಟಿತ್ತು. ಆ ಕರೆಂಟು ವಾಪಸು ಹೋಗುವ ಎರಡನೆಯ ತಂತಿ?

ಹಳೆಯ ವೋಲ್ಗಾದಲ್ಲಿ ಆ ತಂತಿ ಡೈನಮೋದ ಮೂಲಕ ಕಾರಿನ ಲೋಹದ ಮೈಗೆ ಸೇರುತ್ತದೆ. ಅವಳು ಬಗ್ಗಿ ನೋಡಿದಳು. ಡೈನಮೋ ಇರಲೇ ಇಲ್ಲ.

"ಡೈನಮೋ ಎಲ್ಲೋ?"

"ಬಿಸಾಕಿದೆ. ಸ್ಪೀಕರ್‌ಗೆ ಕರೆಂಟ್ ಸಾಲ್ತಿರ್ಲಿಲ್ಲ, ಹೊಸ ಆಲ್ಟರ್ನೇಟರ್ ಕೂರಿಸ್ದೆ."

"ಕತ್ತೆ! ಅವತ್ತಿಂದ್ಲೇ ಸ್ಟಾರ್ಟ್ ಆಗ್ತಿಲ್ಲ ಅಂತ ಹೊಳೀಲಿಲ್ವಾ ನಿನ್ ತಲೇಗೆ?"

ಎರಡನೆಯ ತಂತಿಯ ಟೇಪು ಸುತ್ತಿದ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ಅವಳು ಅದಕ್ಕೊಂದು ತುಂಡು ತಂತಿ ಸೇರಿಸಿ ಕಾರಿನ ಮೈಗೆ ಬಿಗಿದು, ಕೀ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ಕೋಳಿ ಕಿರುಚಿಕೊಂಡು ಹಾರಿತು.

ಎಸೆನ್ ಓಡಿಬಂದು ಬಾಗಿಲಿಗೆ ಕೈಯಿಟ್ಟ. "ಅಕ್ಕ, ತಮಾಷೆಗಂದಿದ್ದು. ಓಡೋ ಕಾರನ್ನ ಯಾರಾದ್ರೂ ಬಿಡ್ತಾರಾ? ಸಂಜೆ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಕಳಿಸ್ತೀನಿ."

ಬುರುಲ್ ಅಜ್ಜನ ಕಡೆ ತಿರುಗಿದಳು. "ಅಜ್ಜ, ಆಮೀನ್ ಅಂದ್ರಲ್ಲ ನೀವು?"

ಅಜ್ಜ ಚಹಾದ ಬಟ್ಟಲನ್ನೇ ನೋಡಿದರು. "ನೀನು ಬೇರೆ ಮನೆ ಸೇರಿದವಳಮ್ಮ. ಅವನು ಒಲೆ ಕಾಯೋ ಮಗ."

ಅವಳ ಕಿವಿ ಬಿಸಿಯಾಯಿತು. ಕಾರಿನಿಂದ ಇಳಿದಳು. ಓಡುತ್ತಿರುವ ಎಂಜಿನ್ನಿನ ಮೇಲೆ ಬಗ್ಗಿ, ತಾನು ಬಿಗಿದ ತುಂಡು ತಂತಿಯನ್ನು ಬಿಚ್ಚಿ ಜೇಬಿಗಿಟ್ಟುಕೊಂಡಳು. ಎಂಜಿನ್ ಓಡುತ್ತಲೇ ಇತ್ತು; ಆ ತಂತಿ ಬೇಕಿದ್ದುದು ಸ್ಟಾರ್ಟ್ ಮಾಡಲು ಮಾತ್ರ.

"ತಗೋ, ಓಡೋ ಕಾರು. ದಿಬ್ಬಣಕ್ಕೆ ಕಳಿಸು. ಆರಿಸಬೇಡ, ಅಷ್ಟೇ. ಆರಿಸಿದ್ರೆ ಮದುಮಗಳ ಕೈಲಿ ತಳ್ಳಿಸು."

ಗೇಟು ದಾಟುವಾಗ ಅಳು ಬಂತು. ಆ ಅಳುವಿನ ಮೇಲೂ ಸಿಟ್ಟು ಬಂತು. ಹಿಂದೆ ಎಂಜಿನ್ನಿನ ಸದ್ದಿನ ನಡುವೆ, ಕೀ ಮುಟ್ಟಬೇಡವೆಂದು ಎಸೆನ್ ಹೆಂಡತಿಯ ಮೇಲೆ ಅರಚುತ್ತಿದ್ದ.