ಬೈಯದೇ ಇದ್ದ ಮೂರು ದಿನ

ನನ್ನ ಬಾಯಿ ಜೋರು. ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದು ದೂರದ ಶಹರದ ಮಾಧಾಪುರದ ತಗಡಿನ ಶೆಡ್ಡುಗಳಲ್ಲಿ ಇದ್ದವರು ಯಾರನ್ನು ಕೇಳಿದರೂ ಸಾಬಮ್ಮನ ಬಾಯಿಯ ಬಗ್ಗೆ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ಅಂಥ ನಾನು ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಗಂಡನ ಹೆಸರು ಹೇಳಬಾರದಂತೆ, ಹೇಳುತ್ತೇನೆ: ದ್ಯಾವಪ್ಪ. ಆ ಮೂರು ದಿನಗಳಲ್ಲಿ ಮೊದಲನೆಯ ದಿನ ಬೆಳಗ್ಗೆ ನಳದ ಹತ್ತಿರ ಮುಖ ತೊಳೆಯುತ್ತಿದ್ದವನು ಗಕ್ಕನೆ ಗೋಡೆ ಹಿಡಿದ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಏನೂ ಆಗಿಲ್ಲವೆಂಬಂತೆ ಟವೆಲ್ ಕೊಡವಿ ಕೆಲಸಕ್ಕೆ ಹೊರಟ. ಕೆಲಸವೆಂದರೆ ಕಂಪ್ಯೂಟರ್ ಕಂಪನಿಗೆಂದು ಏಳುತ್ತಿದ್ದ ಕಟ್ಟಡದ ಎಂಟನೇ ಅಂತಸ್ತಿನಲ್ಲಿ, ಬಿದಿರಿನ ಅಟ್ಟಣಿಗೆಯ ಮೇಲೆ ನಿಂತು ಕಾಂಕ್ರೀಟು ಸುರಿಯಲು ಹಲಗೆ ಬಡಿಯುವುದು.

ಬೈದು ಮನೆಯಲ್ಲೇ ಕೂರಿಸಬೇಕಿತ್ತು. ಆದರೆ ಮೇಸ್ತ್ರಿ ಅಂಬಣ್ಣ ಒಂದು ನೇಮ ಮಾಡಿಟ್ಟಿದ್ದ: ಮೇಲೆ ಹತ್ತುವವನ ಜೊತೆ ಹೆಂಡತಿ ಬೆಳಗ್ಗೆ ಜಗಳ ತೆಗೆಯಕೂಡದು, ತಲೆ ಕೆಟ್ಟರೆ ಕಾಲು ಜಾರುತ್ತದೆ. ಹಿಂದಿನ ತಿಂಗಳು ನಮ್ಮ ಜೊತೆಯ ಮಲ್ಲಣ್ಣ ಅಟ್ಟಣಿಗೆಯಿಂದ ಬಿದ್ದು ಸತ್ತಾಗ ಎಲ್ಲರೂ ಅವನ ಹೆಂಡತಿಯನ್ನೇ ಆಡಿಕೊಂಡರು, ಬೆಳಗ್ಗೆ ಅವಳು ಕೂಗಾಡಿದ್ದಳಂತೆ. ಅವನ ಕಾಲ ಕೆಳಗಿನ ಬಿದಿರನ್ನು ಹುಳ ತಿಂದಿತ್ತಲ್ಲ, ಅದನ್ನು ಕೇಳಿದವರು ಯಾರು? ಆ ಹೆಂಗಸು ತಲೆ ಎತ್ತಿ ಮಾತಾಡುವುದನ್ನೇ ಬಿಟ್ಟಳು. ನನಗೂ ಅದೇ ಗತಿಯಾದೀತೆಂದು ಹೆದರಿ ಸುಮ್ಮನಾದೆ.

ಸುಮ್ಮನಿದ್ದದ್ದಷ್ಟೇ ಅಲ್ಲ, ನಕ್ಕೆ ಕೂಡ. ದಿನಾ ಬಿಸಿ ರೊಟ್ಟಿ ಕಟ್ಟಿ ನಗುನಗುತ್ತ ಕಳಿಸಿದೆ, ಅವನೂ ನಗುತ್ತ ಹತ್ತಿದ. ಕೆಳಗೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದ ನನ್ನ ಕಣ್ಣು ಮಾತ್ರ ಎಂಟನೇ ಅಂತಸ್ತಿನಲ್ಲಿತ್ತು. ಮೇಲಿಂದ ಒಂದು ಮೊಳೆ ಬಿದ್ದರೂ ಜೀವ ಹಾರಿಹೋಗುತ್ತಿತ್ತು. ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ನಾಲ್ಕನೇ ದಿನ ಅವನು ಏಣಿಯ ಐದಾರು ಮೆಟ್ಟಿಲು ಹತ್ತಿ ನಿಂತುಬಿಟ್ಟ. ಬಿದಿರು ಹಿಡಿದ ಬೆರಳು ಬೆಳ್ಳಗಾಗಿದ್ದವು. ಆಮೇಲೆ ಮತ್ತೊಂದು ಮೆಟ್ಟಿಲಿಗೆ ಕಾಲಿಟ್ಟ. ನೇಮ ಸುಡುಗಾಡಿಗೆ ಹೋಗಲಿ ಎಂದು ನಾನು ಬುಟ್ಟಿ ಕೆಳಗೆ ಒಗೆದೆ.

"ಇಳೀರಿ ಕೆಳಗ. ನಿಮಗ ತಲಿ ತಿರುಗಾಕತ್ತೈತಿ, ನಾ ಮೂರು ದಿನದಿಂದ ನೋಡಾಕತ್ತೀನಿ. ನನಗ ಭಾಳ ಹೆದರಿಕಿ ಆಗೈತಿ."

ಸುತ್ತಲಿನವರ ಕೆಲಸ ನಿಂತಿತು. ಹತ್ತುವ ಹೊತ್ತಿನಲ್ಲಿ ಇದೇನು ರಂಪ ಎಂದು ಅಂಬಣ್ಣ ನನ್ನನ್ನು ಗದರಿಸಿದ. ದ್ಯಾವಪ್ಪ ಒಂದೊಂದೇ ಮೆಟ್ಟಿಲು ಇಳಿದು ಬಂದು ಮರಳಿನ ಗುಡ್ಡೆಯ ಪಕ್ಕ ಕುಸಿದು ಕೂತ. ಅಂಗಿ ಬೆವರಿನಿಂದ ತೊಯ್ದುಹೋಗಿತ್ತು.

"ನೀ ನೋಡಿದ್ದೆ ಏನು?" ಎಂದ. "ಮತ್ತ ಯಾಕ ಬೈಲಿಲ್ಲ? ಏನರ ಆಗಿದ್ರ ಇಕಿ ಸುಮ್ನ ಬಿಡ್ತಿದ್ದಿಲ್ಲ, ಅಂದ್ರ ನನಗೇನೂ ಆಗಿಲ್ಲ ಅನ್ಕೊಂಡ ದಿನಾ ಹತ್ತಿದೆ."

ಅವನ ಪಕ್ಕದಲ್ಲೇ ಕೂತು, ಅಂಬಣ್ಣ ಕೂಗುತ್ತಿದ್ದರೂ ಲೆಕ್ಕಿಸದೆ, ಮೂರು ದಿನದ್ದನ್ನೆಲ್ಲ ಒಂದೇ ಸಲ ಬೈದೆ. ಬೈಯುತ್ತಲೇ ಅತ್ತೆ. ಅವನು ನನ್ನ ಸೆರಗಿನ ತುದಿ ಗಟ್ಟಿಯಾಗಿ ಹಿಡಿದುಕೊಂಡು ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಇನ್ನೊಂದಿಷ್ಟು ಬೈ ಎಂದ.